ಎರಡನೇ ಕಂಟ್ರೋಲರ್ ಯಾರ ಕೈಗೆ?

ಮಂಡ್ಯದಿಂದ ಇಂಜಿನಿಯರಿಂಗ್ ಓದ್ತಿರೋ ಓದುಗರೊಬ್ಬರು ಎರಡೂ ಮಗ್ಗುಲು ತುಂಬಿಸಿ ಪತ್ರ ಬರೆದಿದಾರೆ. ಸಾರ ಇಷ್ಟು: ಟೀವಿಗೆ ಜೋಡಿಸಿ ಆಡೋ ಹೊಸ ಗೇಮ್ ಕನ್ಸೋಲ್ ಗೆಲ್ಲೋದು ಸೋಲೋದು ಪೂರ್ತಿ ಅದರೊಳಗಿನ ಚಿಪ್ ಮೇಲೆ, ಫೋರ್ ಕೆ ಅನ್ನೋ ಬಹಳ ಸ್ಪಷ್ಟ ಚಿತ್ರ ಬರ್ಬೇಕು, ಸೆಕೆಂಡಿಗೆ 60 ಫ್ರೇಮ್, ಅಂದ್ರೆ 60 ಚಿತ್ರ ಓಡ್ಬೇಕು, ಆ ತಾಕತ್ತು ಇಲ್ದಿರೋದೆಲ್ಲ ಚಿಕ್ಕ ಮಕ್ಕಳ ಆಟಿಕೆ. ಕೊನೇಲಿ ಎರಡು ಪ್ರಶ್ನೆ ಹಾಕಿದಾರೆ. ನಮ್ಮ ದೇಶದಲ್ಲೇ ಯಾರಾದ್ರೂ ಒಳ್ಳೇ ಚಿಪ್ ಹಾಕಿ ಕನ್ಸೋಲ್ ಮಾಡಿದ್ರೆ ಗೆಲ್ಲುತ್ತಾ? ಮತ್ತೆ, ನಾನು ಕೂಡಿಟ್ಟಿರೋ ದುಡ್ಡಲ್ಲಿ ಯಾವುದು ತಗೊಳ್ಳಲಿ?

ಮೊದಲಿಗೆ ಒಂದು ಮಾತು, ಇಷ್ಟು ಚೆನ್ನಾಗಿ ಅಂಕಿ ಅಂಶ ಹಾಕಿ ಈಗಿನ ಹುಡುಗರು ಪತ್ರ ಬರೀತಾರಲ್ಲ, ಓದಿ ಬಹಳ ಖುಷಿ ಆಯ್ತು. ಚಿಪ್ ವಿಷಯಾನೂ ಸುಳ್ಳಲ್ಲ. ಮಷಿನ್ ತೀರಾ ಹಳೇದಾದ್ರೆ ದೊಡ್ಡ ಕಂಪನಿಗಳು ಆಟ ಮಾಡಿಕೊಡೋದನ್ನ ನಿಲ್ಲಿಸ್ತಾರೆ, ಆಟ ಇಲ್ದೆ ಕನ್ಸೋಲ್ ನಡೆಯಲ್ಲ. ಅಷ್ಟನ್ನ ಒಪ್ಪಿದೆ. ಆದ್ರೆ ನಿಮ್ಮ ಎರಡು ಪುಟದಲ್ಲಿ ಒಂದು ಕಡೇನೂ ಆಡೋರ ಪಕ್ಕದಲ್ಲಿ ಯಾರು ಕೂತಿದಾರೆ ಅನ್ನೋದು ಬಂದೇ ಇಲ್ವಲ್ಲ. ನನ್ನ ಪ್ರಕಾರ ಇಡೀ ಕಥೆ ಇರೋದೇ ಅಲ್ಲಿ.

ಚಿಪ್ ಲೆಕ್ಕಾನೇ ಮೊದಲು ನೋಡೋಣ. 2006ರಲ್ಲಿ ಸೋನಿಯೋರ ಪ್ಲೇಸ್ಟೇಷನ್ 3 ಬಂತು. ಅದರೊಳಗಿನ ಸೆಲ್ ಅನ್ನೋ ಚಿಪ್ ಮಾಡೋಕೆ ಸೋನಿ, ತೋಶಿಬಾ, ಐಬಿಎಂ ಮೂರು ಜನ ಸೇರಿದ್ರು. ಅಮೆರಿಕದಲ್ಲಿ ದೊಡ್ಡ ಮಾಡೆಲ್ ಬೆಲೆ 599 ಡಾಲರ್, ಅಷ್ಟಿಟ್ರೂ ಕಂಪನಿಗೆ ಒಂದೊಂದು ಡಬ್ಬದ ಮೇಲೂ ನಷ್ಟ, ಅದಕ್ಕೆ ಆಟ ಬರೆಯೋ ಪ್ರೋಗ್ರಾಮರ್‌ಗಳಿಗೂ ಅದು ಸುಲಭಕ್ಕೆ ಬಗ್ಗಲಿಲ್ಲ. ಅದೇ ನವೆಂಬರ್‌ನಲ್ಲಿ ನಿಂಟೆಂಡೋದವರ ವೀ ಬಂತು, 250 ಡಾಲರ್, ಎಚ್‌ಡಿ ಕೂಡ ಇರ್ಲಿಲ್ಲ, ಒಳಗಿದ್ದದ್ದು ಹೆಚ್ಚೂಕಮ್ಮಿ ಅವರದೇ ಹಿಂದಿನ ಕನ್ಸೋಲ್ ಗೇಮ್‌ಕ್ಯೂಬ್‌ದೇ ಮೈಕಟ್ಟು. ನಿಮ್ಮ ಲೆಕ್ಕದಲ್ಲಿ ಇದು ಆಟಿಕೆ. ಆ ಆಟಿಕೆಯ ಮಾರಾಟ 10 ಕೋಟಿ ಡಬ್ಬ ದಾಟ್ತು, ಪ್ಲೇಸ್ಟೇಷನ್ 3 ಒಂಬತ್ತು ಕೋಟಿಗೆ ಮುಂಚೇನೇ ನಿಲ್ತು. ಯಾಕೆ ಅಂತೀರಾ? ರಿಮೋಟ್ ಹಿಡಿದು ಕೈ ಬೀಸಿದ್ರೆ ಟೀವಿಲಿ ಟೆನಿಸ್ ಬ್ಯಾಟ್ ಬೀಸ್ತಿತ್ತು, ಅಷ್ಟೇ, ಅದನ್ನ ಅಜ್ಜಿಗೂ ಹೇಳಿಕೊಡಬೇಕಾಗಿರ್ಲಿಲ್ಲ. ಅಮೆರಿಕದ ವೃದ್ಧಾಶ್ರಮಗಳಲ್ಲಿ ವಯಸ್ಸಾದೋರು ಅದರಲ್ಲಿ ಬೌಲಿಂಗ್ ಪಂದ್ಯ ಕಟ್ಟಿ ಆಡಿದ್ರು. ಅವರಲ್ಲಿ ಯಾರು ಚಿಪ್ ಯಾವುದು ಅಂತ ಕೇಳಿರ್ತಾರೆ ಹೇಳಿ.

ಇನ್ನೂ ಹಿಂದಕ್ಕೆ ಹೋಗಿ. 1977ರ ಅಟಾರಿ ಡಬ್ಬದಲ್ಲಿ ಎರಡು ಜಾಯ್‌ಸ್ಟಿಕ್, ಜೊತೆಗೆ ಕೊಟ್ಟ ಕಾಂಬ್ಯಾಟ್ ಆಟವನ್ನ ಒಬ್ಬರೇ ಆಡೋಕೇ ಆಗ್ತಿರ್ಲಿಲ್ಲ, ಎದುರಿಗೆ ಇನ್ನೊಬ್ಬರು ಬೇಕೇ ಬೇಕು. 1983ರಲ್ಲಿ ಜಪಾನಿನಲ್ಲಿ ನಿಂಟೆಂಡೋದೋರ ಫ್ಯಾಮಿಕಾಮ್ ಬಂದಾಗ ಕೈಲಿ ಹಿಡಿದು ಆಡೋ ಎರಡು ಕಂಟ್ರೋಲರ್‌ನ ವೈರ್ ಸಮೇತ ಮಷಿನ್‌ಗೇ ಕೂಡಿಸಿಬಿಟ್ಟಿದ್ರು. 1989ರಲ್ಲಿ ಬಂದ, ಅಂಗೈಲಿ ಹಿಡಿದು ಆಡೋ ಗೇಮ್ ಬಾಯ್‌ದು ಬಣ್ಣ ಇಲ್ಲದ ಪರದೆ, ಅದರ ಎದುರಿಗೆ ಬಣ್ಣದ ಗೇಮ್ ಗಿಯರ್ ಬಂದು ಆರು ಸೆಲ್ ಅನ್ನ ಕೆಲವೇ ಗಂಟೇಲಿ ನುಂಗಿ ಕೂತ್ಕೊಳ್ತು, ಗೆದ್ದದ್ದು ಬಣ್ಣ ಇಲ್ಲದ್ದೇ. ಅದಕ್ಕೊಂದು ಕೇಬಲ್ ಇತ್ತು, ಎರಡು ಗೇಮ್ ಬಾಯ್ ಜೋಡಿಸೋಕೆ. 1996ರಲ್ಲಿ ಪೋಕೆಮಾನ್ ಆಟ ಬಂದಾಗ ಅದರ ಎಲ್ಲ ಪೋಕೆಮಾನ್ ಪ್ರಾಣಿಗಳನ್ನ ಸೇರಿಸ್ಬೇಕು ಅಂದ್ರೆ ಗೆಳೆಯನ ಹತ್ರ ಹೋಗಿ ಬದಲಾಯಿಸಿಕೊಳ್ಳಲೇಬೇಕು ಅನ್ನೋ ಹಾಗೆ ಆಟಾನ ಬೇಕಂತಲೇ ಎರಡು ಭಾಗ ಮಾಡಿ ಮಾರಿದ್ರು. 2017ರಲ್ಲಿ ನಿಂಟೆಂಡೋ ತಂದ ಸ್ವಿಚ್ ಅನ್ನೋ ಕನ್ಸೋಲ್ ನೋಡಿ, ಪಕ್ಕದ ಎರಡು ಜಾಯ್‌ಕಾನ್ ಕಂಟ್ರೋಲರ್ ಬಿಚ್ಚಿ ಒಂದನ್ನ ತಂಗಿ ಕೈಗೆ ಕೊಟ್ಟರೆ ಮುಗೀತು, 15 ಕೋಟಿ ದಾಟಿದೆ.

ಈಗ ಸೋತೋರನ್ನ ನೋಡಿ. 1995ರ ವರ್ಚುಯಲ್ ಬಾಯ್, ಒಬ್ಬ ಕಣ್ಣು ಒತ್ತಿ ಒಳಗೆ ನೋಡ್ತಾ ಕೂತ್ರೆ ಪಕ್ಕದೋರಿಗೆ ಏನೂ ಕಾಣಲ್ಲ, ವರ್ಷ ತುಂಬೋದ್ರೊಳಗೆ ಎತ್ತಂಗಡಿ. ವೀ ಗೆದ್ದ ಅದೇ ಕಂಪನಿ 2012ರಲ್ಲಿ ವೀ ಯು ತಂದ್ರಲ್ಲ, ಪರದೆ ಇರೋ ದೊಡ್ಡ ಕಂಟ್ರೋಲರ್ ಮನೆಗೆ ಒಂದೇ, ಅದು ಒಬ್ಬರ ಕೈಲಿ, ಉಳಿದೋರಿಗೆ ಪರದೆ ಇಲ್ಲದ ಮಾಮೂಲಿ ಕಂಟ್ರೋಲರೇ ಗತಿ. 1 ಕೋಟಿ 35 ಲಕ್ಷಕ್ಕೆ ನಿಂತೋಯ್ತು. ಹೆಸರು ಗೊಂದಲ ಇತ್ತು, ಆಟ ಕಮ್ಮಿ ಇತ್ತು ಅಂತ ತಿಳಿದೋರು ಹೇಳ್ತಾರೆ, ಅದೂ ಇರ್ಬೋದು.

ಡ್ರೀಮ್‌ಕಾಸ್ಟ್‌ಗೆ (ಸೆಗಾ ಕಂಪನಿಯ ಕನ್ಸೋಲ್ ಅದು) ನಾಲ್ಕು ಕಂಟ್ರೋಲರ್ ಹಾಕ್ಬೋದಿತ್ತು, ಅದ್ಯಾಕೆ 2001ರಲ್ಲೇ ಬಾಗಿಲು ಹಾಕ್ತು ಅಂತ ನೀವು ಕೇಳೇ ಕೇಳ್ತೀರಿ. ಸೆಗಾದೋರು ಅದಕ್ಕೆ ಮುಂಚೆ ಸ್ಯಾಟರ್ನ್ ಅನ್ನೋ ತಮ್ಮ ಇನ್ನೊಂದು ಕನ್ಸೋಲ್ ವಿಷಯದಲ್ಲಿ ಅಂಗಡಿಯೋರ ನಂಬಿಕೆ ಕಳ್ಕೊಂಡಿದ್ರು. 1995ರಲ್ಲಿ ಹೇಳದೆ ಕೇಳದೆ ಕೆಲವೇ ಅಂಗಡಿಗೆ ಮಾಲು ಕಳಿಸಿ, 399 ಡಾಲರ್ ಅಂದ್ರು, ಅವತ್ತೇ ಸೋನಿಯೋರು ವೇದಿಕೆ ಹತ್ತಿ 299 ಅಂತ ಹೇಳಿ ಇಳಿದ್ರು. ಆಟ ಮಾಡೋ ದೊಡ್ಡ ಕಂಪನಿ ಇಎ ಡ್ರೀಮ್‌ಕಾಸ್ಟ್‌ಗೆ ಒಂದು ಆಟಾನೂ ಕೊಡಲಿಲ್ಲ. ಇನ್ನು ಪ್ಲೇಸ್ಟೇಷನ್ 2 ಡಿವಿಡಿ ಪ್ಲೇಯರ್ ಕೂಡ ಆಗಿತ್ತಲ್ಲ, ಅಪ್ಪ ಅಮ್ಮ ಸಿನಿಮಾ ನೋಡೋಕೆ ಆಗುತ್ತೆ ಅಂತ ಒಪ್ಪಿ ತಂದ ಮಷಿನ್ ಅದು, ಹಳೇ ಪ್ಲೇಸ್ಟೇಷನ್ ಡಿಸ್ಕ್ ಕೂಡ ಓಡ್ತಿತ್ತು. ಅಲ್ಲೂ ಗೆದ್ದಿದ್ದು ಇಡೀ ಮನೆ ಒಪ್ಪಿದ್ದಕ್ಕೇ ಅಲ್ವಾ.

ನಮ್ಮ ಊರುಗಳ ಅನುಭವ ಬೇರೆ ಏನಲ್ಲ. ತೊಂಬತ್ತರ ದಶಕದಲ್ಲಿ ಮೈಸೂರಲ್ಲಿ, ಮಂಡ್ಯದಲ್ಲಿ ಬೇಸಿಗೆ ರಜಕ್ಕೆ ಮನೆಮನೆಗೂ ಬಂದ ಟೀವಿ ವಿಡಿಯೋ ಗೇಮ್ ನೆನಪಿರೋರು ಈ ಪತ್ರಿಕೆ ಓದುಗರಲ್ಲಿ ಬಹಳ ಜನ ಇದಾರೆ. ಅದು ಫ್ಯಾಮಿಕಾಮ್‌ದೇ ನಕಲು, ಅಡಾಪ್ಟರ್ ಕಾದು ಸುಡ್ತಿತ್ತು, ಕ್ಯಾಸೆಟ್ ಓಡದಿದ್ರೆ ತೆಗೆದು ಬಾಯಿಂದ ಊದಿ ಹಾಕ್ತಿದ್ರು. ಕಾಂಟ್ರಾ ಅನ್ನೋ ಇಬ್ಬರ ಆಟದಲ್ಲಿ ಜಲಪಾತದ ಸ್ಟೇಜ್ ಬರುತ್ತಲ್ಲ, ಅಣ್ಣ ಆತುರಕ್ಕೆ ಬಿದ್ದು ಮೇಲೆ ಹಾರಿದ್ರೆ ಪರದೆ ಅವನ ಹಿಂದೆ ಹೋಗುತ್ತೆ, ಕೆಳಗೆ ಉಳಿದ ತಮ್ಮ ಸತ್ತ. ಆಮೇಲೆ ಕಿರುಚಾಟ, ಅಮ್ಮ ಬಂದು ಸ್ವಿಚ್ ಆಫ್, ಸ್ವಲ್ಪ ಹೊತ್ತಿಗೆ ಮತ್ತೆ ಇಬ್ರೂ ಅಲ್ಲೇ ಹಾಜರ್. ಪಕ್ಕದೋನು ಎಷ್ಟು ಮೇಲೆ ಬಂದಿದಾನೆ ಅಂತ ನೋಡ್ಕೊಂಡು ಹಾರೋದನ್ನ ಕಲಿಯೋವರೆಗೂ ಆ ಸ್ಟೇಜ್ ದಾಟೋಕಾಗಲ್ಲ. ಅಷ್ಟು ಮಾಡಿದ್ದು ತೀರಾ ಸಾದಾ ಎಂಟು ಬಿಟ್ ಚಿಪ್‌ನ ಮಷಿನ್.

ಮೈಸೂರಿನಲ್ಲಿ ಕೂತು ಬರೀತಿರೋದ್ರಿಂದ ಮುಮ್ಮಡಿ ಕೃಷ್ಣರಾಜ ಒಡೆಯರ ವಿಷಯ ಹೇಳದೆ ಹೋದ್ರೆ ತಪ್ಪಾಗುತ್ತೆ. 1794ರಿಂದ 1868ರವರೆಗೆ ಬದುಕಿದ್ದ ಆ ದೊರೆಗೆ ಆಟ ಅಂದ್ರೆ ಪ್ರಾಣ, ಚದುರಂಗದ ಕುದುರೆ ಎಲ್ಲ ಮನೇನೂ ಒಂದೊಂದೇ ಸಲ ಮುಟ್ಟಿ ಬರೋ ಬಂಧಗಳನ್ನ ಕಟ್ಟಿದೋರು, ಗಂಜೀಫಾ ಅನ್ನೋ ಇಸ್ಪೀಟು ಥರದ ಎಲೆ ಆಟದಲ್ಲಿ ಹೊಸ ಹೊಸದನ್ನ ಮಾಡಿಸಿದೋರು. ಅದರಲ್ಲಿ ಕೃಷ್ಣರಾಜ ಛಾದ ಅನ್ನೋ ಒಂದಕ್ಕೆ 18 ಗುಂಪು, ಗುಂಪಿಗೆ 20 ಎಲೆ, ಒಟ್ಟು 360 ಎಲೆ. ಕಲೆ ಅಂದ್ರೆ ಕಲೆ, ಕೈ ಮುಗೀಬೇಕು. ಆದ್ರೆ ಅದನ್ನ ಇವತ್ತು ಯಾರ ಮನೇಲಿ ಆಡ್ತಾರೆ? ಚೌಕಾಬಾರ ನೋಡಿ, ಸೀಮೆಸುಣ್ಣದಲ್ಲಿ ಮನೆ ಬರೆದು, ನಾಲ್ಕು ಕವಡೆ, ಒಡೆದ ಬಳೆ ಚೂರು, ಹುಣಸೆಬೀಜ ಇಟ್ಕೊಂಡು ಜಗಲಿ ಮೇಲೆ ಕೂತ್ರೆ ಸಾಕು, ಇನ್ನೇನು ಹಣ್ಣಾಗ್ಬೇಕು ಅನ್ನೋ ಕಾಯಿನ ಮೊಮ್ಮಗ ಹೊಡೆದಾಗ ಅಜ್ಜಿ ಬೈಯೋದಿದೆಯಲ್ಲ, ಅದಕ್ಕೇ ಆ ಆಟ ಉಳಿದಿದೆ. ನಿಂಟೆಂಡೋ ಕೂಡ 1889ರಲ್ಲಿ ಕ್ಯೋಟೋದಲ್ಲಿ ಇಸ್ಪೀಟು ಥರದ ಹನಾಫುಡ ಎಲೆ ಮಾಡೋ ಅಂಗಡಿಯಾಗಿ ಶುರುವಾಗಿದ್ದು. ಜನ ಎದುರುಬದುರು ಕೂರೋದು ಅವರಿಗೆ ಅವತ್ತಿಂದ ಗೊತ್ತು.

ನನಗೆ ನಿಜವಾಗ್ಲೂ ಹೊಟ್ಟೆ ಉರಿಯೋದು ಮುಂದಿನ ವಿಷಯಕ್ಕೆ. ಒಂದೇ ಟೀವಿ ಮುಂದೆ ಇಬ್ಬರು ಆಡೋ ಆಟಾನೇ ಕಮ್ಮಿ ಆಗ್ತಾ ಬಂತು. ಹೇಲೋ ಅನ್ನೋ ಗುಂಡು ಹಾರಿಸೋ ಆಟ ಅಂದ್ರೇನೇ ಪರದೆ ಭಾಗ ಮಾಡ್ಕೊಂಡು ಗೆಳೆಯರು ಆಡೋ ಆಟ ಅಂತಿತ್ತು, 2015ರಲ್ಲಿ ಐದನೇ ಹೇಲೋದಲ್ಲಿ ಅದನ್ನೇ ಕಿತ್ತುಹಾಕಿದ್ರು. ಪಕ್ಕದ ಮನೆ ಹುಡುಗನ ಜೊತೆ ಆಡ್ಬೇಕು ಅಂದ್ರೆ ಅವನ ಮನೇಲೂ ಒಂದು ಕನ್ಸೋಲ್, ಅವನಿಗೂ ಒಂದು ಡಿಸ್ಕ್, ಇಬ್ಬರಿಗೂ ತಿಂಗಳ ಚಂದಾ. 2013ರಲ್ಲಿ ಮೈಕ್ರೋಸಾಫ್ಟ್‌ನೋರು ಎಕ್ಸ್‌ಬಾಕ್ಸ್ ಒನ್ ಕನ್ಸೋಲ್ ತರ್ತೀವಿ ಅಂದಾಗ ಹಳೇ ಡಿಸ್ಕ್ ಮಾರೋಕೆ, ಕಡ ಕೊಡೋಕೆ ನೂರೆಂಟು ಷರತ್ತು ಹಾಕೋಕೆ ಹೊರಟಿದ್ರು, ಜನ ಬೈದ ಮೇಲೆ ವಾಪಸ್ ತಗೊಂಡ್ರು, ಅಷ್ಟೊತ್ತಿಗೆ ಆಟ ಪ್ಲೇಸ್ಟೇಷನ್ 4 ಕಡೆ ವಾಲಿತ್ತು. ಈಗ ಡೌನ್‌ಲೋಡ್ ಅಂತ ಬಂದು ಅದೇ ಕೆಲಸ ಸದ್ದಿಲ್ಲದೆ ನಡೀತಿದೆ, ದುಡ್ಡು ಕೊಟ್ಟು ಕೊಂಡ ಆಟಾನ ತಮ್ಮನ ಗೆಳೆಯನಿಗೆ ಎರಡು ದಿನ ಆಡಿ ಕೊಡಪ್ಪಾ ಅಂತ ಡಿಸ್ಕ್ ಥರ ಸಲೀಸಾಗಿ ಕೊಡೋ ಹಾಗಿಲ್ಲ. ಮನೆಗಳಲ್ಲೂ ಅದೇ ಆಗಿದೆ, ನಾಲ್ಕು ಜನ, ನಾಲ್ಕು ಮೂಲೆ, ನಾಲ್ಕು ಮೊಬೈಲು.

ಇದೆಲ್ಲದರ ನಡುವೆ ನಮ್ಮೂರ ಗೇಮ್ ಪಾರ್ಲರ್‌ಗಳೇ ವಾಸಿ. ಸರಸ್ವತಿಪುರಂ ಕಡೆ ಒಂದು ಸಣ್ಣ ಪಾರ್ಲರ್‌ಗೆ ಹೋಗಿದ್ದೆ, ಕಂಟ್ರೋಲರ್‌ನ ಸ್ಟಿಕ್ ಮೇಲಿನ ರಬ್ಬರ್ ಸವೆದು ಬಿಳಿ ಪ್ಲಾಸ್ಟಿಕ್ ಕಾಣ್ತಿತ್ತು, ಇಬ್ಬರು ಫುಟ್‌ಬಾಲ್ ಆಡ್ತಿದ್ರೆ ಹಿಂದೆ ಆರೇಳು ಹುಡುಗರು ಪಾಸ್ ಕೊಡೋ, ಪಾಸ್ ಕೊಡೋ ಅಂತ ಅರಚ್ತಾ ನಿಂತಿದ್ರು. ಸೋತೋನು ಎದ್ದು ಮುಂದಿನೋನಿಗೆ ಕಂಟ್ರೋಲರ್ ಕೊಡ್ಬೇಕು, ಅದು ಅಲ್ಲಿಯ ನಿಯಮ. ಮಷಿನ್ ಪ್ಲೇಸ್ಟೇಷನ್ 4, ಹಳೇದು. ಯಾರೂ ಫ್ರೇಮ್ ಎಣಿಸ್ತಿರ್ಲಿಲ್ಲ.

ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಗೆಲ್ಲುತ್ತೆ, ಖಂಡಿತ ಗೆಲ್ಲುತ್ತೆ, ಆದ್ರೆ ಅದನ್ನ ಮಾಡೋರು ಚಿಪ್ ಹಿಂದೆ ಬೀಳಬಾರದು, ಮಧ್ಯಮ ವರ್ಗದೋರು ದಸರಾ ಬೋನಸ್‌ನಲ್ಲಿ ತರೋ ಬೆಲೆ ಇರ್ಬೇಕು, ಡಬ್ಬದಲ್ಲೇ ಎರಡು ಕಂಟ್ರೋಲರ್ ಇರ್ಬೇಕು, ನೆಟ್ ಇಲ್ದೆ ಓಡ್ಬೇಕು, ಕಬಡ್ಡಿ, ಲಗೋರಿ, ಚೌಕಾಬಾರ ಎಲ್ಲ ಕನ್ನಡದಲ್ಲೇ ಇರ್ಬೇಕು. ಸೋನಿಯೋರೇ 2009ರಲ್ಲಿ ನಮ್ಮ ದೇಶಕ್ಕೆ ಅಂತ ಕಬಡ್ಡಿ, ಗಾಳಿಪಟದ ಆಟ ಹಾಕಿ ದೇಸಿ ಅಡ್ಡಾ ತಂದಾಗ ಅದನ್ನ ಕೊಟ್ಟಿದ್ದು ಹಳೇ ಪ್ಲೇಸ್ಟೇಷನ್ 2ಕ್ಕೆ, ಯಾಕಂದ್ರೆ ಜನರ ಮನೇಲಿ ಇದ್ದದ್ದು ಅದು. ನೀವು ಓದ್ತಿರೋದು ಇಂಜಿನಿಯರಿಂಗ್, ಇದನ್ನ ಬೇರೆ ಯಾರೋ ಮಾಡ್ಲಿ ಅಂತ ಯಾಕೆ ಕಾಯ್ತೀರಿ?

ಎರಡನೇದು. ಪ್ಲೇಸ್ಟೇಷನ್ 5 ನಮ್ಮಲ್ಲಿ 2021ರ ಫೆಬ್ರವರಿಯಲ್ಲಿ ಬಂದಾಗ 49,990 ರೂಪಾಯಿ, ಡಬ್ಬದಲ್ಲಿ ಕಂಟ್ರೋಲರ್ ಒಂದೇ, ಇನ್ನೊಂದು ಬೇಕಂದ್ರೆ ಆಗ ಹತ್ತಿರ ಆರು ಸಾವಿರ ಬೇರೆ ಕೊಡ್ಬೇಕಿತ್ತು. ಕೂಡಿಟ್ಟ ದುಡ್ಡು ಅದಕ್ಕೆ ಸಾಲದಿದ್ರೆ ಹಿಂದಿನ ತಲೆಮಾರಿನ ಮಷಿನ್ ಸೆಕೆಂಡ್ ಹ್ಯಾಂಡ್‌ನಲ್ಲಿ ನೋಡಿ, ಕೂತು ಒಂದು ಗಂಟೆ ಓಡಿಸಿ ನೋಡದೆ ದುಡ್ಡು ಕೊಡ್ಬೇಡಿ, ಮಿಕ್ಕ ದುಡ್ಡಲ್ಲಿ ಎರಡನೇ ಕಂಟ್ರೋಲರ್ ತಗೊಳ್ಳಿ. ಡಿಸ್ಕ್ ಹಾಕೋ ಮಾಡೆಲ್ಲೇ ಇರ್ಲಿ. ಆಟದ ಡಬ್ಬ ತಿರುಗಿಸಿದ್ರೆ ಹಿಂದೆ ಎಷ್ಟು ಜನ ಆಡ್ಬೋದು ಅಂತ ಸಣ್ಣಕ್ಷರದಲ್ಲಿ ಹಾಕಿರ್ತಾರೆ, ಅದನ್ನ ಓದಿ ಆಮೇಲೆ ಜೇಬಿಗೆ ಕೈ ಹಾಕಿ. ಪತ್ರದ ಕೊನೇಲಿ ನಿಮ್ಮ ತಂಗಿ ಇದೆಲ್ಲ ದಂಡ ಅಂತಾಳೆ ಅಂತ ಬರೆದಿದೀರಲ್ಲ, ಅಂಗಡಿಗೆ ಹೋಗುವಾಗ ಅವಳನ್ನ ಕರ್ಕೊಂಡು ಹೋಗಿ, ಮೊದಲ ಆಟ ಅವಳೇ ಆರಿಸ್ಲಿ.

— ಸಂ.