‘ಬರಲಿಲ್ಲ’ ಅಂತ ಬರೆದದ್ದು ಯಾರು?

ನಮಸ್ಕಾರ,

ಕ್ಯಾನ್ಸರ್ ಚಿಕಿತ್ಸೆಯನ್ನು ಯಾರು ಅರ್ಧಕ್ಕೆ ಬಿಡಬಹುದು ಅಂತ ಕಂಪ್ಯೂಟರ್ ಮೊದಲೇ ಹೇಳುವ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಇದನ್ನು ಕೈಬಿಡಬೇಡಿ. ಇದರೊಳಗೆ ಒಂದು ಒಳ್ಳೆಯ ಬರಹ ಇದೆ. ಅದು ಒಂಬತ್ತನೇ ಪ್ಯಾರಾದಲ್ಲಿದೆ.

ನೀವು ಆಸ್ಪತ್ರೆಯೊಂದರ ದಾಖಲೆಗಳನ್ನು ನೋಡಿಕೊಳ್ಳುತ್ತಿದ್ದಾಗ ಒಬ್ಬ ಮಹಿಳೆಯನ್ನು ಮಾತಾಡಿಸಿದ್ದೀರಿ. ಅವರು ಮೂರನೇ ಕೀಮೋಗೆ ಹೋಗಿರಲಿಲ್ಲ. ಹಿಂದಿನ ರಾತ್ರಿ ಜ್ವರ ಬಂದಿತ್ತು. ಏನು ಮಾಡಲಿ ಅಂತ ಕೇಳಲು ಮೂರು ಸಲ ಫೋನ್ ಮಾಡಿದ್ದರು. ಯಾರೂ ಎತ್ತಲಿಲ್ಲ. ಕಂಪ್ಯೂಟರಿನಲ್ಲಿ ಅವರ ಹೆಸರಿನ ಮುಂದೆ ಒಂದೇ ಪದ ಇತ್ತು: ‘ಬರಲಿಲ್ಲ’.

ಇದನ್ನು ನಾಲ್ಕು ಸಾಲಿನಲ್ಲಿ ಹೇಳಿ ನೀವು ಮುಂದೆ ಹೋಗಿಬಿಟ್ಟಿದ್ದೀರಿ. ನಾನು ಅಲ್ಲೇ ನಿಂತೆ. ಕೀಮೋ ನಡೆಯುವಾಗ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಬಿಳಿ ರಕ್ತಕಣ ಕಡಿಮೆಯಾಗಿರುತ್ತದೆ, ಸಣ್ಣ ಸೋಂಕೂ ಪ್ರಾಣಕ್ಕೆ ಎರವಾಗಬಹುದು. ಆಕೆ ಮಾಡಬೇಕಾದದ್ದನ್ನೇ ಮಾಡಿದ್ದರು. ತಪ್ಪಿದ್ದು ಆ ಕಡೆಯವರು. ಆದರೂ ದಾಖಲೆಯಲ್ಲಿ ತಪ್ಪು ಇವರ ಲೆಕ್ಕಕ್ಕೆ ಸೇರಿತು.

ನಿಮ್ಮ ಯಂತ್ರ ಕಲಿಯುವುದು ಇಂಥ ದಾಖಲೆಯಿಂದಲೇ ಅಲ್ವಾ? ಅದಕ್ಕೆ ಫೋನ್ ರಿಂಗ್ ಆದದ್ದು ಗೊತ್ತಿಲ್ಲ. ‘ಬರಲಿಲ್ಲ’ ಮಾತ್ರ ಗೊತ್ತು. ಮುಂದೆ ಆಕೆಯಂಥವರು ಬಂದಾಗಲೆಲ್ಲ ‘ಇವರು ಬಿಡುವವರು’ ಅಂತ ಹಣೆಪಟ್ಟಿ ಹಚ್ಚುತ್ತದೆ. ಇದು ನನ್ನ ಕಲ್ಪನೆಯಲ್ಲ. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಯಾರಿಗೆ ಹೆಚ್ಚಿನ ಆರೈಕೆ ಬೇಕು ಅಂತ ಹೇಳುವ ಒಂದು ಪ್ರೋಗ್ರಾಂ ಅಮೆರಿಕದಲ್ಲಿ ಬಳಕೆಯಲ್ಲಿತ್ತು. ಅದು ಕಾಯಿಲೆಯನ್ನು ಅಳೆಯುವ ಬದಲು ಚಿಕಿತ್ಸೆಗೆ ಆದ ಖರ್ಚನ್ನು ಅಳೆಯುತ್ತಿತ್ತು. ಕಪ್ಪು ಜನರಿಗೆ ಚಿಕಿತ್ಸೆ ಸಿಗುತ್ತಿದ್ದದ್ದೇ ಕಡಿಮೆ, ಹಾಗಾಗಿ ಅವರ ಖರ್ಚೂ ಕಡಿಮೆ. ಯಂತ್ರ ಅವರನ್ನು ಹೆಚ್ಚು ಆರೋಗ್ಯವಂತರು ಅಂದುಕೊಂಡಿತು. ಒಂಬತ್ತನೇ ಪ್ಯಾರಾ ಕೂಡ ಇದನ್ನೇ ಹೇಳುತ್ತಿದೆ. ಲೇಖನ ಅಲ್ಲಿಂದಲೇ ಶುರುವಾಗಲಿ.

ಇನ್ನು ಭಾಷೆ. ‘ನಿರ್ಲಕ್ಷ್ಯ’ ಅನ್ನುವ ಪದ ಏಳು ಕಡೆ ಇದೆ. ಏಳನ್ನೂ ತೆಗೆಯಿರಿ. 2003ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ವಿಷಯದ ಬಗ್ಗೆ ದೊಡ್ಡ ವರದಿ ಕೊಟ್ಟಿತು. ಚಿಕಿತ್ಸೆ ತಪ್ಪುವ ಕಾರಣಗಳನ್ನು ಅದು ಐದು ಗುಂಪು ಮಾಡಿದೆ: ಹಣ ಮತ್ತು ಬದುಕಿನ ಸ್ಥಿತಿ, ಆಸ್ಪತ್ರೆಯ ವ್ಯವಸ್ಥೆ, ಕಾಯಿಲೆ, ಔಷಧಿ, ರೋಗಿ. ಐದರಲ್ಲಿ ರೋಗಿಗೆ ಸಂಬಂಧಿಸಿದ್ದು ಒಂದು. ನೀವು ಐದನ್ನೂ ಆ ಒಬ್ಬರ ತಲೆಗೇ ಕಟ್ಟಿದ್ದೀರಿ.

ಮತ್ತೊಂದು ತೊಂದರೆ, ಬೇರೆ ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬಿದ್ದೀರಿ. ಮನೆಯಲ್ಲಿ ನುಂಗುವ ಮಾತ್ರೆ ತಪ್ಪುವುದು ಬೇರೆ, ರೇಡಿಯೇಶನ್ ನಡುವೆ ನಿಲ್ಲುವುದು ಬೇರೆ. ಗರ್ಭಕಂಠದ ಕ್ಯಾನ್ಸರಿಗೆ ಇಡೀ ರೇಡಿಯೇಶನ್ ಎಂಟು ವಾರದೊಳಗೆ ಮುಗಿಯಬೇಕು ಅನ್ನುತ್ತಾರೆ. ಅಲ್ಲಿ ಒಂದು ವಾರ ಜಾರಿದರೂ ದೊಡ್ಡ ವಿಷಯ. ಮಕ್ಕಳ ಕ್ಯಾನ್ಸರಿನಲ್ಲಿ ಸತತ ನಾಲ್ಕು ವಾರ ಅಥವಾ ಅದಕ್ಕಿಂತ ಜಾಸ್ತಿ ತಪ್ಪಿದರೆ ಚಿಕಿತ್ಸೆ ಬಿಟ್ಟಂತೆ ಲೆಕ್ಕ. ಹಾಗೇ, ಎಲ್ಲವನ್ನೂ ತಿಳಿದು, ಮನೆಯವರ ಜೊತೆ ಕೂತು ಮಾತಾಡಿ, ‘ಇನ್ನು ಸಾಕು’ ಅಂದವರೂ ಇರುತ್ತಾರೆ. ಅದು ಅವರ ತೀರ್ಮಾನ. ಅವರನ್ನೂ ನಿಮ್ಮ ‘ಬಿಡುವವರ’ ಪಟ್ಟಿಯಲ್ಲಿ ಸೇರಿಸಿದ್ದು ನೋಡಿ ನನಗೆ ನಿಜಕ್ಕೂ ನೋವಾಯಿತು.

ಮಾತ್ರೆಯ ಬಗ್ಗೆ ಒಂದು ಮಾತು. 2010ರಲ್ಲಿ ಲಂಡನ್ನಿನ ವೈದ್ಯರು ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಇಮ್ಯಾಟಿನಿಬ್ ಅನ್ನುವ ಮಾತ್ರೆ ತೆಗೆದುಕೊಳ್ಳುತ್ತಿದ್ದ 87 ಜನರ ಅಧ್ಯಯನ ಪ್ರಕಟಿಸಿದರು. ಡಬ್ಬಿ ತೆರೆದಾಗಲೆಲ್ಲ ಮುಚ್ಚಳದಲ್ಲಿದ್ದ ಚಿಪ್ ಗುರುತು ಹಾಕಿಕೊಳ್ಳುತ್ತಿತ್ತು. ಶೇ. 90ಕ್ಕಿಂತ ಜಾಸ್ತಿ ಮಾತ್ರೆ ನುಂಗಿದವರಲ್ಲಿ ಆರು ವರ್ಷದ ಹೊತ್ತಿಗೆ ಕಾಯಿಲೆ ತೀರಾ ಕೆಳಮಟ್ಟಕ್ಕೆ ಇಳಿಯುವ ಸಾಧ್ಯತೆ ಸುಮಾರು ಶೇ. 94. ಉಳಿದವರಲ್ಲಿ ಸುಮಾರು ಶೇ. 28. ದಿನಕ್ಕೆ ಒಂದರಂತೆ ತಿಂಗಳಿಗೆ ಮೂವತ್ತು ಮಾತ್ರೆ, ಅದರಲ್ಲಿ ಮೂರು ತಪ್ಪಿದರೆ ಶೇ. 90ಕ್ಕೆ ಬಂದು ನಿಂತ ಹಾಗೆ. ನೀವು ಬರೆದ ‘ಗಂಭೀರ ಪರಿಣಾಮಗಳು’ ಅನ್ನುವ ಮಾತಿನ ಜಾಗದಲ್ಲಿ ಈ ಮೂರು ಮಾತ್ರೆ ಇಟ್ಟು ನೋಡಿ.

ನನ್ನ ಅಕ್ಕ ಸ್ತನ ಕ್ಯಾನ್ಸರ್ ಆಪರೇಶನ್ ಆದಮೇಲೆ ಐದು ವರ್ಷ ಹಾರ್ಮೋನ್ ಮಾತ್ರೆ ನುಂಗಬೇಕಿತ್ತು. ಎರಡನೇ ವರ್ಷ ಕೈಬೆರಳಿನ ಗಂಟುಗಳು ಎಷ್ಟು ನೋಯುತ್ತಿದ್ದವೆಂದರೆ ಬೆಳಗ್ಗೆ ಎದ್ದು ನಲ್ಲಿ ತಿರುಗಿಸಲು ಆಗುತ್ತಿರಲಿಲ್ಲ. ದಿನ ಬಿಟ್ಟು ದಿನ ನುಂಗತೊಡಗಿದಳು. ‘ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?’ ಅಂತ ಡಾಕ್ಟರ್ ಪ್ರತಿ ಸಲ ಕೇಳುತ್ತಿದ್ದರು. ಇವಳು ಪ್ರತಿ ಸಲ ‘ಹೂಂ’ ಅನ್ನುತ್ತಿದ್ದಳು. ಒಂದು ದಿನ ಬೇರೆ ನರ್ಸ್ ಬಂದು, ‘ಹೋದ ವಾರ ಎಷ್ಟು ದಿನ ತಪ್ಪಿತು?’ ಅಂತ ಸುಮ್ನೆ ಕೇಳಿದರು. ಅಕ್ಕ ಅತ್ತುಬಿಟ್ಟಳು. ಮಾತ್ರೆ ಬದಲಾಯಿತು, ಮುಂದೆ ನುಂಗಿದಳು. ಯಾವ ಯಂತ್ರವೂ ಇರಲಿಲ್ಲ ಅಲ್ಲಿ. ಕೇಳುವ ರೀತಿ ಬದಲಾಗಿತ್ತು, ಅಷ್ಟೇ.

ನಿಮ್ಮ ಯಂತ್ರ ಶೇ. 90 ನಿಖರ ಅಂತ ಹೆಮ್ಮೆಯಿಂದ ಬರೆದಿದ್ದೀರಿ. ನೂರು ಜನರಲ್ಲಿ ಹತ್ತು ಜನ ಬಿಡುತ್ತಾರೆ ಅಂತಿಟ್ಟುಕೊಳ್ಳಿ. ‘ಯಾರೂ ಬಿಡುವುದಿಲ್ಲ’ ಅಂತ ಕಣ್ಣುಮುಚ್ಚಿ ಹೇಳುವ ಯಂತ್ರವೂ ಶೇ. 90 ಸರಿಯೇ. ಹಾಗಾಗಿ ಆ ಅಂಕಿ ಬೇಡ. ಬಿಟ್ಟವರಲ್ಲಿ ಎಷ್ಟು ಜನರನ್ನು ಅದು ಮೊದಲೇ ಹಿಡಿಯಿತು, ಬಿಡದವರಲ್ಲಿ ಎಷ್ಟು ಜನರ ಮೇಲೆ ಸುಳ್ಳು ಅನುಮಾನ ಪಟ್ಟಿತು, ಇವೆರಡನ್ನು ಕೊಡಿ.

ಕೊನೆಯ ಭಾಗ ಪೂರ್ತಿ ಹೊಸದಾಗಿ ಬರೆಯಬೇಕಾಗುತ್ತದೆ. ಪಟ್ಟಿ ತಯಾರಾಯಿತು ಅನ್ನುವಲ್ಲಿಗೆ ನಿಮ್ಮ ಲೇಖನ ಮುಗಿಯುತ್ತದೆ. ನನಗೆ ಬೇಕಾದದ್ದು ಮಾರನೇ ಬೆಳಗ್ಗೆ. ಆ ಪಟ್ಟಿಯನ್ನು ಯಾರ ಮೇಜಿನ ಮೇಲೆ ಇಡುತ್ತಾರೆ? 1990ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹೆರಾಲ್ಡ್ ಫ್ರೀಮನ್ ಅನ್ನುವ ಸರ್ಜನ್, ರೋಗಿಯ ಜೊತೆ ನಿಂತು ದಾರಿ ತೋರಿಸುವವರನ್ನು ನೇಮಿಸುವ ಪದ್ಧತಿ ಶುರು ಮಾಡಿದರು. ಕಾಗದಪತ್ರ, ಹಣ, ಓಡಾಟ, ಭಯ, ಎಲ್ಲದಕ್ಕೂ ಒಬ್ಬರು ಜೊತೆಗೆ. ಕಡಿಮೆ ಖರ್ಚಿನ ತಪಾಸಣೆಯೂ ಸೇರಿ, ಅಲ್ಲಿನ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಐದು ವರ್ಷ ಬದುಕುವವರ ಪ್ರಮಾಣ ಶೇ. 39ರಿಂದ 70ಕ್ಕೆ ಏರಿತು. ಪಟ್ಟಿ ಇಂಥವರ ಕೈಗೆ ಹೋದರೆ ಒಳ್ಳೆಯದು. ‘ಇವರು ಹೇಗೂ ಬಿಡ್ತಾರೆ, ಅಷ್ಟು ಕಷ್ಟದ ಚಿಕಿತ್ಸೆ ಯಾಕೆ’ ಅನ್ನುವವರ ಕೈಗೆ ಹೋದರೆ? ಈ ಭಯವನ್ನು ಮುಚ್ಚಿಡದೆ ಬರೆಯಿರಿ.

ಸಾಧ್ಯವಾದರೆ ಆ ಮಹಿಳೆಯನ್ನು ಇನ್ನೊಮ್ಮೆ ಕಾಣಿರಿ. ಹೆಸರು ಬೇಡ, ಊರು ಬೇಡ. ಬರೆಯಲು ಅವರ ಒಪ್ಪಿಗೆ ಕೇಳಿ. ಆ ರಾತ್ರಿ ಜ್ವರ ಎಷ್ಟಿತ್ತು, ಪಕ್ಕದಲ್ಲಿ ಯಾರಿದ್ದರು, ಮೂರನೇ ಸಲ ಫೋನ್ ಇಟ್ಟಮೇಲೆ ಏನು ಮಾಡಿದರು ಅಂತ ಕೇಳಿಕೊಂಡು ಬನ್ನಿ. ಅವಸರ ಏನಿಲ್ಲ. ಬರೆದು ಕಳಿಸಿ, ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ