ಕಂಪ್ರೆಸರ್ ಬದಲಿಸುವ ಮುನ್ನ ಸೋರಿಕೆ ಹುಡುಕಿ

ಹಳೆಯ ಐಷಾರಾಮಿ ಕಾರುಗಳ ಕುರಿತು ನನಗೆ ಬರುವ ಪತ್ರಗಳಲ್ಲಿ, ಕಾರನ್ನು ಗಾಳಿಚೀಲಗಳ ಮೇಲೆ ನಿಲ್ಲಿಸುವ ಏರ್ ಸಸ್ಪೆನ್ಷನ್ ಕುಸಿಯುವುದರ ಬಗ್ಗೆ ಒಂದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿರುವುದರಿಂದ ಈ ಸಲ ಹೆಚ್ಚಿನ ಜಾಗವನ್ನು ಅದಕ್ಕೇ ಕೊಟ್ಟಿದ್ದೇನೆ. ಎಂಜಿನ್ ಆಯಿಲ್ ಯಾವಾಗ ಬದಲಿಸಬೇಕು, ಟೈರಿನಲ್ಲಿ ಗಾಳಿ ಎಷ್ಟಿರಬೇಕು ಎಂಬುದೆಲ್ಲ ಕಾರಿನ ಕೈಪಿಡಿಯಲ್ಲಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಪ್ರಶ್ನೆ: ನನ್ನ ಬಳಿ ಏರ್ ಸಸ್ಪೆನ್ಷನ್ ಇರುವ 18 ವರ್ಷದ ದೊಡ್ಡ ಸೆಡಾನ್ ಇದೆ. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಮುಂಭಾಗದ ಎಡ ಮೂಲೆ ಕುಸಿದಿರುತ್ತದೆ; ಎಂಜಿನ್ ಚಾಲೂ ಮಾಡಿದ ಸ್ವಲ್ಪ ಹೊತ್ತಿಗೆ ಮೇಲೆದ್ದು ನಿಲ್ಲುತ್ತದೆ. ಮೆಕ್ಯಾನಿಕ್ ಎರಡು ವರ್ಷದಲ್ಲಿ ಎರಡು ಸಲ ಕಂಪ್ರೆಸರ್ ಬದಲಿಸಿದ್ದಾರೆ, ಈಗ ಮೂರನೆಯದು ಬೇಕು ಎನ್ನುತ್ತಿದ್ದಾರೆ. ಬಾಳಿಕೆ ಬರುವ ಕಂಪ್ರೆಸರ್ ಯಾವ ಕಂಪನಿಯದು?

ಉತ್ತರ: ಯಾವ ಕಂಪನಿಯದೂ ಸದ್ಯಕ್ಕೆ ಬೇಡ. ಎಂಜಿನ್ ಚಾಲೂ ಆದ ಮೇಲೆ ಕಾರು ಮೇಲೇಳುತ್ತದೆ ಎಂದು ನೀವೇ ಬರೆದಿದ್ದೀರಿ. ಅಂದರೆ ಗಾಳಿ ತುಂಬುವ ಕೆಲಸವನ್ನು ಕಂಪ್ರೆಸರ್ ಇನ್ನೂ ಮಾಡುತ್ತಿದೆ. ಕಾರು ಕುಸಿಯುವುದು ರಾತ್ರಿಯಲ್ಲಿ, ಕಂಪ್ರೆಸರ್ ಸುಮ್ಮನಿರುವ ಹೊತ್ತಿನಲ್ಲಿ, ಅದೂ ಒಂದೇ ಮೂಲೆಯಲ್ಲಿ. ಓಡದೆ ನಿಂತಿರುವ ಮೋಟಾರು ಒಂದು ಮೂಲೆಯ ಗಾಳಿಯನ್ನು ಮಾತ್ರ ಆರಿಸಿ ಖಾಲಿ ಮಾಡಲಾರದು. ಇಷ್ಟು ಸರಳವಾದ ತರ್ಕವನ್ನು ಎರಡು ಕಂಪ್ರೆಸರುಗಳ ಹಣ ಪಡೆದ ಮೇಲೂ ನಿಮ್ಮ ಮುಂದಿಡದ ಮೆಕ್ಯಾನಿಕ್‌ಗೆ ಮೂರನೆಯದರ ಹಣ ಕೊಡಬೇಡಿ.

ಈ ಕಾರುಗಳಲ್ಲಿ ಉಕ್ಕಿನ ಸ್ಪ್ರಿಂಗಿನ ಜಾಗದಲ್ಲಿ ರಬ್ಬರಿನ ಗಾಳಿಚೀಲಗಳಿರುತ್ತವೆ, ಮತ್ತು ಅವುಗಳ ಗೋಡೆಯೊಳಗೆ ಟೈರಿನಲ್ಲಿರುವಂತೆ ನೂಲಿನ ಪದರಗಳಿರುತ್ತವೆ. ಚಕ್ರ ಏರಿಳಿದ ಹಾಗೆಲ್ಲ ಚೀಲದ ಕೆಳಭಾಗ ಒಳಕ್ಕೆ ಮಡಚಿಕೊಳ್ಳುತ್ತಲೂ ಬಿಚ್ಚಿಕೊಳ್ಳುತ್ತಲೂ ಇರುತ್ತದೆ. ಮೊದಲ ಬಿರುಕು ಸಾಮಾನ್ಯವಾಗಿ ಹುಟ್ಟುವುದು ಆ ಮಡಿಕೆಯಲ್ಲೇ. ಮಡಿಕೆ ಬಿಚ್ಚಿಕೊಂಡಿರುವ ಎತ್ತರದಲ್ಲಿ ಬಿರುಕು ಬಾಯಿ ತೆರೆಯುತ್ತದೆ, ಮಡಚಿಕೊಂಡಾಗ ಮುಚ್ಚಿಕೊಳ್ಳುತ್ತದೆ. ಆದ್ದರಿಂದಲೇ ಕೆಲವು ಕಾರುಗಳು ಒಂದು ಮಟ್ಟದವರೆಗೆ ಕುಸಿದು ಅಲ್ಲೇ ನಿಂತುಬಿಡುತ್ತವೆ, ಮತ್ತು ಅದನ್ನು ಕಂಡವರು ‘ಸೋರಿಕೆ ಇದ್ದಿದ್ದರೆ ಪೂರ್ತಿ ಕೂರಬೇಕಿತ್ತಲ್ಲ’ ಎಂದು ವಾದಿಸುತ್ತಾರೆ. ಚಳಿ ಹೆಚ್ಚಾದಾಗ ರಬ್ಬರ್ ಗಡುಸಾಗುವುದರಿಂದ ಸೋರಿಕೆಯೂ ಹೆಚ್ಚುತ್ತದೆ. ಇನ್ನು ‘ನಲವತ್ತು ಸಾವಿರ ಕಿಲೋಮೀಟರ್ ಕೂಡ ಓಡಿಲ್ಲ, ಚೀಲ ಹೇಗೆ ಹೋಗುತ್ತದೆ’ ಎನ್ನುವವರಿಗೆ ನನ್ನ ಉತ್ತರ ಯಾವಾಗಲೂ ಒಂದೇ: ರಬ್ಬರ್ ವರ್ಷಗಳನ್ನೂ ಲೆಕ್ಕ ಇಡುತ್ತದೆ. 1998ರಲ್ಲಿ ಏರ್ ಸಸ್ಪೆನ್ಷನ್‌ನೊಂದಿಗೆ ಬಂದ ಮರ್ಸಿಡಿಸ್ ಎಸ್-ಕ್ಲಾಸ್ ಆಗಲಿ, 2003ರಿಂದ ಮಾರಾಟವಾದ ಜಾಗ್ವಾರ್ ಎಕ್ಸ್‌ಜೆ ಆಗಲಿ, ಇಂದಿಗೂ ಮೂಲ ಚೀಲಗಳ ಮೇಲೆ ನಿಂತಿದ್ದರೆ ಅದು ಅಚ್ಚರಿಯ ಸಂಗತಿ.

ಹಾಗಾದರೆ ಕಂಪ್ರೆಸರ್ ಪದೇ ಪದೇ ಸಾಯುವುದೇಕೆ? ಅದನ್ನು ತಯಾರಿಸಿರುವುದು ಆಗಾಗ ಕೆಲವೇ ಕ್ಷಣ ಓಡಿ ತಣ್ಣಗಾಗುವುದಕ್ಕೆ. ಚೀಲ ಸೋರುತ್ತಿದ್ದರೆ ಅದು ಪ್ರತಿದಿನ ಖಾಲಿ ಮೂಲೆಯನ್ನು ತುಂಬಿಸಬೇಕು, ದಾರಿಯುದ್ದಕ್ಕೂ ಅದನ್ನೇ ಮಾಡುತ್ತಿರಬೇಕು. ಪಿಸ್ಟನ್ನಿನ ರಿಂಗ್ ಸವೆಯುತ್ತದೆ, ಮೋಟಾರು ಬಿಸಿಯೇರುತ್ತದೆ. ಕಂಪ್ರೆಸರಿಗೆ ಅಂಟಿಕೊಂಡಿರುವ, ಗಾಳಿಯ ತೇವವನ್ನು ಹೀರಿಕೊಳ್ಳುವ ಹರಳುಗಳಿರುವ ಡ್ರೈಯರ್ ಇನ್ನಷ್ಟು ಹೀರಲಾರದಂತಾಗಿ, ತೇವ ಮುಂದಿನ ವಾಲ್ವ್ ಬ್ಲಾಕಿಗೆ (ಗಾಳಿಯನ್ನು ಮೂಲೆ ಮೂಲೆಗೆ ಹಂಚುವ ಭಾಗ) ಇಳಿದು ಅಲ್ಲಿ ತುಕ್ಕು ಹಿಡಿಸುತ್ತದೆ. ಕೊನೆಗೆ ಕಂಪ್ರೆಸರಿಗೆ ವಿದ್ಯುತ್ ಹರಿಸುವ ಸ್ವಿಚ್ಚಾದ ರಿಲೇ ಕೂಡ ಕಾದು, ಅದರ ಸಂಪರ್ಕಗಳು ಒಂದಕ್ಕೊಂದು ಬೆಸೆದುಕೊಂಡರೆ, ಕೀಲಿ ತೆಗೆದ ಮೇಲೂ ಮೋಟಾರು ನಿಲ್ಲದೆ ಓಡಿ ಸುಟ್ಟುಹೋಗುತ್ತದೆ. ಹೊಸ ಕಂಪ್ರೆಸರ್ ಹಾಕಿ ಹಳೆಯ ರಿಲೇಯನ್ನು ಉಳಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ, ಏಕೆಂದರೆ ಇಡೀ ಕೆಲಸದಲ್ಲಿ ಅತ್ಯಂತ ಅಗ್ಗದ ಭಾಗ ಅದು.

ಈಗ ನೀವು ಮಾಡಬೇಕಾದ ಪರೀಕ್ಷೆ. ಸಮತಟ್ಟಾದ ನೆಲದ ಮೇಲೆ, ಚಕ್ರಗಳು ನೇರವಾಗಿರುವಂತೆ ಕಾರನ್ನು ನಿಲ್ಲಿಸಿ, ಪ್ರತಿ ಚಕ್ರದ ನಡುಬಿಂದುವಿನಿಂದ ನೇರ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಅಳತೆ ತೆಗೆದು ಬರೆದಿಡಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿಯ ವ್ಯತ್ಯಾಸ ಅಳತೆಯೊಳಗೆ ಸೇರಿಕೊಳ್ಳುತ್ತದೆ. ಆಮೇಲೆ ಸಸ್ಪೆನ್ಷನ್ನಿನ ಫ್ಯೂಸನ್ನು ಕೀಳಿ. ಈ ಹೆಜ್ಜೆಯನ್ನು ಬಹುತೇಕರು ಬಿಟ್ಟುಬಿಡುತ್ತಾರೆ. ಕೆಲವು ಕಾರುಗಳಲ್ಲಿ ನಿಯಂತ್ರಣ ಘಟಕವು ರಾತ್ರಿ ತಾನಾಗಿಯೇ ಎಚ್ಚರಗೊಂಡು, ಕುಸಿದ ಮೂಲೆಗೆ ಸರಿಹೊಂದುವಂತೆ ಉಳಿದ ಮೂಲೆಗಳ ಗಾಳಿಯನ್ನೂ ಬಿಟ್ಟು ಕಾರನ್ನು ಮಟ್ಟಸ ಮಾಡುತ್ತದೆ. ಬೆಳಿಗ್ಗೆ ನಾಲ್ಕೂ ಕಡೆ ಕುಸಿದಿರುವುದನ್ನು ನೋಡಿದವರು ಇಡೀ ವ್ಯವಸ್ಥೆಯೇ ಕೆಟ್ಟಿದೆ ಎಂದು ತಿಳಿಯುತ್ತಾರೆ. ಫ್ಯೂಸ್ ಕಿತ್ತು ಹನ್ನೆರಡು ಗಂಟೆ ಬಿಟ್ಟು, ಬಾಗಿಲು ತೆರೆಯದೆ, ಕಾರನ್ನು ಅಲುಗಿಸದೆ ಮತ್ತೆ ಅಳೆಯಿರಿ.

ಒಂದೇ ಮೂಲೆ ಇಳಿದಿದ್ದರೆ ಸಾಮಾನ್ಯವಾಗಿ ಆ ಮೂಲೆಯ ಚೀಲ, ಅದರ ಕೊಳವೆ ಅಥವಾ ಕೊಳವೆಯ ಜೋಡಣೆ ಸೋರುತ್ತಿರುತ್ತದೆ. ಒಂದಕ್ಕಿಂತ ಹೆಚ್ಚು ಮೂಲೆಗಳು ಇಳಿದಿದ್ದರೆ, ಅಥವಾ ಇವತ್ತು ಒಂದು ಮೂಲೆ ನಾಳೆ ಇನ್ನೊಂದು ಎಂದಾಗುತ್ತಿದ್ದರೆ, ವಾಲ್ವ್ ಬ್ಲಾಕನ್ನು ಶಂಕಿಸಬೇಕು. ನಾಲ್ಕೂ ಮೂಲೆಗಳು ಸಮನಾಗಿ ಸ್ವಲ್ಪವೇ ಇಳಿದಿದ್ದರೆ ಗಾಬರಿ ಬೇಡ: ಸಂಜೆಯ 35 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೆಳಗಿನ ಹೊತ್ತಿಗೆ 15 ಡಿಗ್ರಿಗೆ ಇಳಿದರೆ ಚೀಲದೊಳಗಿನ ಗಾಳಿಯ ಗಾತ್ರವೇ ಸುಮಾರು ಶೇ 6ರಷ್ಟು ಕುಗ್ಗುತ್ತದೆ, ಅದು ದೋಷವಲ್ಲ. ಶಂಕೆ ಹುಟ್ಟಿದ ಜಾಗಕ್ಕೆ ಸೋಪಿನ ನೀರನ್ನು ಸಿಂಪಡಿಸಿ, ಕಾರನ್ನು ಎತ್ತರದ ಮಟ್ಟದಲ್ಲಿಟ್ಟು ಕೆಲವು ನಿಮಿಷ ನೋಡುತ್ತಾ ಕುಳಿತರೆ ಗುಳ್ಳೆಗಳೇ ಜಾಗವನ್ನು ತೋರಿಸುತ್ತವೆ. ಇದಕ್ಕೆ ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಬೇಕಿಲ್ಲ, ತಾಳ್ಮೆ ಬೇಕು. ಸ್ಕ್ಯಾನರ್ ‘ಕಂಪ್ರೆಸರ್ ಹೆಚ್ಚು ಹೊತ್ತು ಓಡಿದೆ’ ಎಂದು ಹೇಳಿದರೆ ಅದು ಸತ್ಯವನ್ನೇ ಹೇಳುತ್ತಿದೆ. ಅದನ್ನು ‘ಕಂಪ್ರೆಸರ್ ಕೆಟ್ಟಿದೆ’ ಎಂದು ಓದಿಕೊಳ್ಳುವುದು ಓದಿದವರ ತಪ್ಪು.

ಇಲ್ಲಿ ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಾರಿಸಿ ಓದಬೇಡಿ. ಏರ್ ಸಸ್ಪೆನ್ಷನ್ನಿನ ಕಾರು ಎತ್ತರದಲ್ಲಿ ನಿಂತಿದೆ ಎಂಬ ನಂಬಿಕೆಯಿಂದ ಅದರ ಕೆಳಗಾಗಲಿ, ಚಕ್ರ ಮತ್ತು ಮಡ್‌ಗಾರ್ಡಿನ ನಡುವೆಯಾಗಲಿ ಕೈ ತೂರಿಸಬಾರದು. ನಾನು ಕೆಲಸ ಕಲಿತ ಗ್ಯಾರೇಜಿನಲ್ಲಿ ಸಹೋದ್ಯೋಗಿಯೊಬ್ಬರು ಹಾಗೆ ಕೈಯಿಟ್ಟು ಕೊಳವೆಯ ಜೋಡಣೆಯನ್ನು ತಡಕುತ್ತಿದ್ದಾಗ ಅದು ಕಳಚಿಕೊಂಡು ಕಾರು ಒಮ್ಮೆಲೇ ಕೂತಿತು. ಅವರ ಮುಂಗೈಯ ಎರಡೂ ಮೂಳೆಗಳು ಮುರಿದವು. ಆ ಸದ್ದು ನನಗೆ ಇಂದಿಗೂ ನೆನಪಿದೆ. ಕಾರನ್ನು ತಯಾರಕರು ಗುರುತಿಸಿದ ಜಾಗದಲ್ಲೇ ಜ್ಯಾಕ್‌ನಿಂದ ಎತ್ತಿ, ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಸಸ್ಪೆನ್ಷನ್ನಿನ ವಿದ್ಯುತ್ತನ್ನು ತಪ್ಪಿಸಿದ ಮೇಲೆಯೇ ಕೆಳಗೆ ಹೋಗಬೇಕು. ಸೋಪಿನ ನೀರನ್ನು ಸಿಂಪಡಿಸುವಾಗಲೂ ದೂರದಿಂದ ಸಿಂಪಡಿಸಿ, ದೂರದಿಂದಲೇ ನೋಡಿ.

ಚೀಲವೇ ಸೋರುತ್ತಿದ್ದರೆ ಅದೇ ಆಕ್ಸಲ್ಲಿನ ಇನ್ನೊಂದು ಬದಿಯದನ್ನೂ ಒಟ್ಟಿಗೆ ಬದಲಿಸಿ. ಎರಡರ ವಯಸ್ಸೂ ಒಂದೇ, ಎರಡನೆಯದು ಹೆಚ್ಚು ಕಾಲ ಕಾಯುವುದಿಲ್ಲ. ಜೋಡಿಸಿದ ಮೇಲೆ ಖಾಲಿ ಚೀಲದ ಮೇಲೆ ಕಾರಿನ ಭಾರವನ್ನು ಇಳಿಸಬಾರದು. ಕಾರು ಸ್ಟ್ಯಾಂಡಿನ ಮೇಲಿರುವಾಗಲೇ ಸ್ಕ್ಯಾನರ್ ಮೂಲಕ ಗಾಳಿ ತುಂಬಿಸಿ, ಮಡಿಕೆ ಸರಿಯಾಗಿ ಉರುಳಿಕೊಂಡಿದೆ ಎಂದು ಕಣ್ಣಾರೆ ನೋಡಿ ಆಮೇಲೆ ಇಳಿಸಬೇಕು. ಬೇಗ ಇಳಿಸುವ ಆತುರದಿಂದ ಹೊಸ ಚೀಲಗಳು ಮೊದಲ ದಿನವೇ ಹರಿದದ್ದನ್ನು, ಮತ್ತು ಅದಕ್ಕೆ ‘ಮಾಲು ಸರಿಯಿರಲಿಲ್ಲ’ ಎಂಬ ನೆಪ ಹೇಳಿದ್ದನ್ನು ಹಲವು ಸಲ ನೋಡಿದ್ದೇನೆ. ಕೊನೆಯಲ್ಲಿ ಎತ್ತರದ ಸೆನ್ಸರುಗಳನ್ನು ಹೊಂದಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟಿನ ಕೋನವನ್ನೂ ಪರೀಕ್ಷಿಸಿ. ಅಲ್ಲಿಯವರೆಗೆ ಕುಸಿದ ಮೂಲೆಯೊಂದಿಗೆ ಕಾರನ್ನು ಓಡಿಸಬೇಡಿ.

ಇದೇ ವಿಷಯದಲ್ಲಿ ಇನ್ನಿಬ್ಬರು ಬರೆದಿದ್ದಾರೆ. ಟೈರಿನ ಪಂಕ್ಚರ್ ಮುಚ್ಚುವ ದ್ರವವನ್ನು ಗಾಳಿಯ ಕೊಳವೆಯೊಳಗೆ ಹಾಕಿ ಸೋರಿಕೆ ನಿಲ್ಲಿಸುತ್ತೇನೆಂದು ಒಬ್ಬರ ಮೆಕ್ಯಾನಿಕ್ ಹೇಳಿದ್ದಾರಂತೆ. ಆ ದ್ರವ ಮಡಿಕೆಯ ಬಿರುಕನ್ನು ಮುಚ್ಚುವ ಮೊದಲೇ ವಾಲ್ವ್ ಬ್ಲಾಕಿನ ಕಿರಿದಾದ ರಂಧ್ರಗಳನ್ನು ಮುಚ್ಚುತ್ತದೆ. ಆ ಗ್ಯಾರೇಜಿನಿಂದ ಕಾರನ್ನು ಇವತ್ತೇ ಹೊರತನ್ನಿ. ಎಲ್ಲವನ್ನೂ ಕಿತ್ತು ಉಕ್ಕಿನ ಸ್ಪ್ರಿಂಗ್ ಹಾಕಿಸಬಹುದೇ ಎಂದು ಇನ್ನೊಬ್ಬರು ಕೇಳಿದ್ದಾರೆ. ಹಾಕಿಸಬಹುದು, ಕಾರು ಓಡುತ್ತದೆ. ಆದರೆ ಭಾರಕ್ಕೆ ತಕ್ಕಂತೆ ಎತ್ತರ ಕಾಯ್ದುಕೊಳ್ಳುವ ಗುಣ ಹೋಗುತ್ತದೆ, ಎಚ್ಚರಿಕೆಯ ದೀಪವನ್ನು ಬಾಯಿ ಮುಚ್ಚಿಸಲು ಮತ್ತೊಂದು ಉಪಕರಣ ಸೇರಿಸಬೇಕಾಗುತ್ತದೆ, ಮತ್ತು ಆ ಕಾರನ್ನು ಕೊಳ್ಳಲು ನಿಮ್ಮನ್ನು ಪ್ರೇರೇಪಿಸಿದ ತೇಲುವಂಥ ನಡಿಗೆ ಮರಳಿ ಬರುವುದಿಲ್ಲ. ನನ್ನ ಕಾರಿಗೆ ನಾನು ಹಾಗೆ ಮಾಡಿಸುವುದಿಲ್ಲ.

ಪ್ರಶ್ನೆ: ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಜೀವಮಾನಪೂರ್ತಿ ಸಾಕು ಎಂದು ಶೋರೂಮಿನವರು ಹೇಳುತ್ತಾರೆ. ನಿಜವೇ?

ಉತ್ತರ: ಯಾರ ಜೀವಮಾನ ಎಂದು ಅವರನ್ನು ಕೇಳಿ. ಅನೇಕ ಐಷಾರಾಮಿ ಕಾರುಗಳಿಗೆ ಗೇರ್‌ಬಾಕ್ಸ್ ತಯಾರಿಸಿಕೊಡುವ ಜರ್ಮನಿಯ ಜೆಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ನಡುವೆ, ಅಥವಾ 8 ವರ್ಷಕ್ಕೆ, ಯಾವುದು ಮೊದಲೋ ಆಗ ಆಯಿಲ್ ಬದಲಿಸಲು ಸೂಚಿಸುತ್ತದೆ. ಅದರ ಆರು ಗೇರುಗಳ 6ಎಚ್‌ಪಿ ಮಾದರಿಯ ಬಹುತೇಕ ಕಾರುಗಳಲ್ಲಿ ಫಿಲ್ಟರ್ ಪ್ಲಾಸ್ಟಿಕ್ ಆಯಿಲ್ ಪ್ಯಾನಿನೊಳಗೇ ಸೇರಿರುವುದರಿಂದ ಪ್ಯಾನನ್ನೇ ಬದಲಿಸಬೇಕು. ಆಯಿಲಿನ ಮಟ್ಟವನ್ನು ಎಂಜಿನ್ ಓಡುತ್ತಿರುವಾಗ, ತಯಾರಕರು ಹೇಳಿದ ಉಷ್ಣತೆಯಲ್ಲಿ ನೋಡಬೇಕು. ಉಷ್ಣತೆಯನ್ನು ಅಳೆಯದೆ ಅಂದಾಜಿನಲ್ಲಿ ತುಂಬಿಸುವವರಿಗೆ ಈ ಕೆಲಸ ಕೊಡುವುದಕ್ಕಿಂತ ಹಳೆಯ ಆಯಿಲಿನಲ್ಲೇ ಇನ್ನೂ ಕೆಲವು ದಿನ ಓಡಿಸುವುದು ಮೇಲು.

ಪ್ರಶ್ನೆ: ರೋಲ್ಸ್-ರಾಯ್ಸ್ ಸಿಲ್ವರ್ ಶಾಡೋ ಕಾರಿನ ಬ್ರೇಕ್ ವ್ಯವಸ್ಥೆಗೆ ಖನಿಜ ತೈಲ ಹಾಕಬಹುದೇ? ಮುಂದಿನ ಮಾದರಿಗೆ ಅದನ್ನೇ ಹಾಕುತ್ತಾರಲ್ಲ?

ಉತ್ತರ: ಹಾಕಿದರೆ ಬ್ರೇಕ್ ಮತ್ತು ಎತ್ತರ ನಿಯಂತ್ರಣ ವ್ಯವಸ್ಥೆಯ ರಬ್ಬರ್ ಸೀಲುಗಳೆಲ್ಲ ಹಾಳಾಗುತ್ತವೆ. 1965ರಲ್ಲಿ ಬಂದ ಸಿಲ್ವರ್ ಶಾಡೋವಿನ ಅಧಿಕ ಒತ್ತಡದ ಹೈಡ್ರಾಲಿಕ್ ವ್ಯವಸ್ಥೆ ಸಿಟ್ರೊಯೆನ್ ಕಂಪನಿಯಿಂದ ಪರವಾನಗಿ ಪಡೆದ ತಂತ್ರದ್ದು. ಅದಕ್ಕೆ ಬೇಕಾದುದು ಆರ್‌ಆರ್363 ಎಂಬ ಬ್ರೇಕ್ ದ್ರವ. ಖನಿಜ ತೈಲ ಬೇಕಾದುದು 1980ರ ಸಿಲ್ವರ್ ಸ್ಪಿರಿಟ್‌ಗೆ. ಎರಡೂ ಕಾರುಗಳ ಸೀಲುಗಳ ರಬ್ಬರ್ ಬೇರೆ, ಒಂದರದು ಇನ್ನೊಂದಕ್ಕೆ ಸಲ್ಲದು. ಈಗಾಗಲೇ ಹಾಕಿಬಿಟ್ಟಿದ್ದರೆ ಕಾರನ್ನು ಒಂದು ಅಡಿಯೂ ಓಡಿಸದೆ ಟ್ರಕ್ಕಿನ ಮೇಲೆ ಸಾಗಿಸಿ, ವ್ಯವಸ್ಥೆಯನ್ನು ಪೂರ್ತಿ ಬಿಚ್ಚಿಸಿ.

ಪ್ರಶ್ನೆ: ಮೂರು ದಿನ ನಿಲ್ಲಿಸಿದರೆ ಬ್ಯಾಟರಿ ಇಳಿಯುತ್ತದೆ. ಹೊಸ ಬ್ಯಾಟರಿಯೂ ಹಾಗೇ ಆಯಿತು.

ಉತ್ತರ: ಬ್ಯಾಟರಿಯನ್ನು ಬಿಟ್ಟು, ಅದನ್ನು ಕುಡಿಯುತ್ತಿರುವ ಘಟಕವನ್ನು ಹುಡುಕಿ. ಕಾರಿಗೆ ಬೀಗ ಹಾಕಿದ ಕೂಡಲೇ ಅಳೆದರೆ ತಪ್ಪು ಉತ್ತರ ಬರುತ್ತದೆ, ಏಕೆಂದರೆ ಒಳಗಿನ ಕಂಪ್ಯೂಟರುಗಳು ಒಂದೊಂದಾಗಿ ಮಲಗಲು ಅರ್ಧ ಗಂಟೆ ಹಿಡಿಯಬಹುದು. ಎಲ್ಲವೂ ಮಲಗಿದ ಮೇಲೆ ಸುಮಾರು 50 ಮಿಲಿಆಂಪಿಯರಿಗಿಂತ ಹೆಚ್ಚು ವಿದ್ಯುತ್ ಹರಿಯುತ್ತಿದ್ದರೆ, ಫ್ಯೂಸನ್ನು ಕೀಳದೆ ಅದರ ಎರಡು ತುದಿಗಳ ನಡುವಿನ ಅಲ್ಪ ವೋಲ್ಟೇಜನ್ನು ಅಳೆಯುತ್ತಾ ಹೋಗಿ. ಫ್ಯೂಸನ್ನು ಕಿತ್ತು ಮತ್ತೆ ಹಾಕಿದರೆ ಮಲಗಿದ ಘಟಕ ಎಚ್ಚರಗೊಂಡು ಪರೀಕ್ಷೆ ಮೊದಲಿನಿಂದ ಶುರುವಾಗುತ್ತದೆ.

ಪ್ರಶ್ನೆ: ಆಯಿಲ್ ಸೋರಿಕೆ ನಿಲ್ಲಿಸುವ ಬಾಟಲಿ ದ್ರವಗಳಲ್ಲಿ ಯಾವುದು ಉತ್ತಮ?

ಉತ್ತರ: ಬಾಟಲಿಯಲ್ಲೇ ಉಳಿದದ್ದು.

ಪ್ರಶ್ನೆ: ಟೈರುಗಳಿಗೆ ಹನ್ನೊಂದು ವರ್ಷವಾಗಿದೆ, ಆದರೆ ಮೇಲ್ಮೈಯ ಗೀರುಗಳು ಇನ್ನೂ ಆಳವಾಗಿವೆ. ಬದಲಿಸಲೇಬೇಕೇ?

ಉತ್ತರ: ಬದಲಿಸಲೇಬೇಕು, ಮತ್ತು ಹೊಸದನ್ನು ಕೊಳ್ಳುವಾಗ ಬದಿಯಲ್ಲಿ ಡಾಟ್ (DOT) ಎಂಬ ಅಕ್ಷರಗಳಿಂದ ಶುರುವಾಗುವ ಗುರುತಿನ ಕೊನೆಗೆ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ಓದಿ. ಮೊದಲ ಎರಡು ತಯಾರಾದ ವಾರ, ಉಳಿದೆರಡು ವರ್ಷ. ಅಂಗಡಿಯಲ್ಲಿ ಐದು ವರ್ಷ ಕೂತಿದ್ದ ಟೈರನ್ನು ಹೊಸದೆಂದು ಕೊಟ್ಟರೆ ಹಿಂದಿರುಗಿಸಿ.