ನೇತ್ರಾಣಿಯ ಹುಡುಗಿಗೆ ಬಾಯಾರಲಿ

ನಮಸ್ಕಾರ.

ನಿಮ್ಮ ಮಕ್ಕಳ ಕಾದಂಬರಿಯ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ನಿಮ್ಮನ್ನು ಕಾಯಿಸುವುದು ಬೇಡ ಅಂತ ಮೊದಲೇ ಹೇಳಿಬಿಟ್ಟೆ. ಆದರೆ ಎರಡು ಸಾಲು ಬರೆದು ವಾಪಸ್ ಕಳಿಸಲು ಮನಸ್ಸಾಗಲಿಲ್ಲ. ಗಂಗಿ ನನಗೆ ಇಷ್ಟವಾದಳು. ಅವಳಿಗೆ ತಕ್ಕ ಕಥೆ ಇನ್ನೂ ಸಿಕ್ಕಿಲ್ಲ ಅನ್ನುವುದೇ ನನ್ನ ಬೇಜಾರು.

ನೀವು ಬರೆದದ್ದು ಇಷ್ಟು. ಮುರುಡೇಶ್ವರದ ಮೀನುಗಾರರ ಮನೆಯ ಗಂಗಿಗೆ 12 ವರ್ಷ. ಏಪ್ರಿಲ್ ರಜೆಯಲ್ಲಿ ಮಾವನ ದೋಣಿಯೊಳಗೆ ಬಲೆಯ ಕೆಳಗೆ ಅಡಗಿ ಕೂರುತ್ತಾಳೆ. ಗಾಳಿಗೆ ದೋಣಿ ಮಗುಚುತ್ತದೆ. ಮಾವ ಬೇರೆ ದೋಣಿಯವರ ಕೈಗೆ ಸಿಕ್ಕಿ ಬದುಕುತ್ತಾನೆ. ಅವಳು ದೋಣಿಯಲ್ಲಿ ಇದ್ದದ್ದೇ ಅವನಿಗೆ ಗೊತ್ತಿಲ್ಲ. ಅವಳನ್ನು ಒಂದು ಡಾಲ್ಫಿನ್ ನೇತ್ರಾಣಿ ದ್ವೀಪಕ್ಕೆ ಮುಟ್ಟಿಸುತ್ತದೆ. ಅಲ್ಲಿ 40 ದಿನ ಒಬ್ಬಳೇ ಇರುತ್ತಾಳೆ. ನಡುವೆ ಕಳ್ಳಸಾಗಣೆದಾರರ ಭಯವೂ ಇದೆ. ಕೊನೆಗೆ ಹೆಲಿಕಾಪ್ಟರ್ ಬರುತ್ತದೆ, ಊರಲ್ಲಿ ಸನ್ಮಾನ ನಡೆಯುತ್ತದೆ.

ಇದರಲ್ಲಿ ನಾನು ಪೂರ್ತಿ ನಂಬಿದ್ದು ಒಂದೇ ಜಾಗವನ್ನು. 34ನೇ ಪುಟದಲ್ಲಿ ಗಂಗಿ ಹರಿದ ಬಲೆಯ ಹಗ್ಗವನ್ನು ಬಂಡೆಗೆ ಕಟ್ಟುತ್ತಾಳೆ. "ಹಲ್ಲಲ್ಲಿ ತುದಿ ಕಚ್ಚಿ ಎಳೆದಳು. ಬಾಯಿಗೆ ಉಪ್ಪು ಬಂತು. ಅಜ್ಜಿ ಹೇಳಿಕೊಟ್ಟ ಗಂಟು, ಎಳೆದಷ್ಟೂ ಬಿಗಿಯುವ ಗಂಟು." ಇದನ್ನು ಓದಿದಾಗ ನನ್ನ ಬಾಯಿಗೂ ಉಪ್ಪು ಬಂತು. ಬೇರೆ ಕಡೆ "ಗಂಗಿ ತುಂಬಾ ಸ್ವಾವಲಂಬಿ" ಎಂದು ನೀವೇ ಹೇಳುತ್ತೀರಿ. ಆ ಪದ 11 ಸಲ ಬಂದಿದೆ, ಎಣಿಸಿದೆ. ಈ ಪುಟದಲ್ಲಿ ಅದು ಇಲ್ಲ. ಇಲ್ಲಿ ಅದು ಬೇಕಾಗಿಯೂ ಇಲ್ಲ, ಅಲ್ವಾ? ಉಳಿದ 11 ಕಡೆಯೂ ಆ ಪದ ತೆಗೆದು, ಅಲ್ಲಿ ಅವಳ ಕೈ ಏನು ಮಾಡುತ್ತಿತ್ತು ಅಂತ ಬರೆಯಿರಿ.

ಈಗ ದ್ವೀಪದ ವಿಷಯ. "ಬೆಳ್ಳಿಯಂಥ ಮರಳಿನ ದಂಡೆಯಲ್ಲಿ ಅವಳು ಕಣ್ಣು ಬಿಟ್ಟಳು" ಎಂದಿದ್ದೀರಿ. ನೇತ್ರಾಣಿಯಲ್ಲಿ ಮರಳ ದಂಡೆ ಇಲ್ಲ. ಸುತ್ತಲೂ ಕಡಿದಾದ ಬಂಡೆ. ಅಲೆ ಮೇಲೆತ್ತುವ ಹೊತ್ತು ನೋಡಿ ದೋಣಿಯಿಂದ ಬಂಡೆಗೆ ಹಾರಬೇಕು. ಆ ಮರಳು ಬೇರೆ ದೇಶದ ದ್ವೀಪದ ಕಥೆಗಳಿಂದ ನಿಮ್ಮ ಪುಟಕ್ಕೆ ಬಂದಿದೆ. ಜುಳುಜುಳು ತೊರೆ, ಕೈಗೆಟುಕುವ ಹಣ್ಣಿನ ಮರ, ಅಲ್ಲಾಡದೆ ನಿಂತು ಹಾಲು ಕೊಡುವ ಆಡು, ಎಲ್ಲವೂ ಅಲ್ಲಿಂದಲೇ ಬಂದವು. ಹಾಗಾಗಿ ದ್ವೀಪ ಅವಳನ್ನು ಅತಿಥಿಯ ಹಾಗೆ ನೋಡಿಕೊಳ್ಳುತ್ತದೆ. 40 ದಿನದಲ್ಲಿ ಅವಳಿಗೆ ಒಮ್ಮೆಯೂ ಬಾಯಾರುವುದಿಲ್ಲ. ಎಲ್ಲವನ್ನೂ ದ್ವೀಪವೇ ಕೊಟ್ಟರೆ ಅವಳು ಮಾಡುವುದೇನು?

ಏಪ್ರಿಲ್ ತಿಂಗಳೂ ಸರಿಯಾಗುವುದಿಲ್ಲ. ನೇತ್ರಾಣಿ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್. ಏಪ್ರಿಲ್‌ನಲ್ಲಿ ಆ ಕಡೆ ಮೀನಿನ ದೋಣಿಗಳು ಓಡಾಡುತ್ತವೆ, ಸ್ಕೂಬಾ ಡೈವಿಂಗ್‌ಗೆ ಪ್ರವಾಸಿಗರನ್ನೂ ಕರೆತರುತ್ತಾರೆ. ಯಾರ ಕಣ್ಣಿಗೂ ಬೀಳದೆ 40 ದಿನ ಇರಲು ಆಗುವುದಿಲ್ಲ. ಕಥೆಯನ್ನು ಮೇ 31ಕ್ಕೆ ತನ್ನಿ. ಅದು ಮಾವನ ಕೊನೆಯ ಟ್ರಿಪ್ ಆಗಲಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ನಾಡದೋಣಿಗಳಿಗೆ ನಿಷೇಧ ಇಲ್ಲದಿದ್ದರೂ ಆ ಕಡಲಲ್ಲಿ ಅವು ಅಷ್ಟು ದೂರ ಹೋಗುವುದಿಲ್ಲ. ಡೈವಿಂಗ್ ಕೂಡ ಬಂದ್. ಗಂಗಿ ಮೀನುಗಾರರ ಮನೆಯ ಹುಡುಗಿ. ಇದೆಲ್ಲ ಅವಳಿಗೆ ಗೊತ್ತಿರುತ್ತದೆ. ಮೊದಲ ರಾತ್ರಿಯೇ ಅವಳು ಲೆಕ್ಕ ಹಾಕುತ್ತಾಳೆ. 40 ಅನ್ನುವ ಸಂಖ್ಯೆ ಎಲ್ಲಿಂದ ಬಂತು ಅಂತ ನನಗೆ ಅರ್ಥವಾಗಲಿಲ್ಲ. 61 ಮಾತ್ರ ಆ ಕಡಲಿನದೇ ಸಂಖ್ಯೆ.

ಮಳೆಗಾಲ ತಂದರೆ ನೀರಿನ ಕಥೆಯೂ ತಾನಾಗಿ ಬರುತ್ತದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಸುರಿಯುತ್ತದೆ, ಅದರಲ್ಲಿ ಹೆಚ್ಚಿನದು ಜೂನ್, ಜುಲೈನಲ್ಲೇ. ಬಂಡೆಯ ಗುಳಿಗಳಲ್ಲಿ ನೀರು ನಿಲ್ಲುತ್ತದೆ. ಕೆಳಗಿನ ಗುಳಿಗೆ ಅಲೆ ಸಿಡಿಯುತ್ತದೆ, ಆ ನೀರು ಉಪ್ಪು. ಮೇಲಿನದು ಸಿಹಿ, ಆದರೆ ಅದರಲ್ಲಿ ಹಕ್ಕಿಯ ಹಿಕ್ಕೆ. ಅವಳು ಮೊದಲು ಕೆಳಗಿನದನ್ನೇ ಕುಡಿಯಲಿ. ಬಾಯಾರಿಕೆ ಇನ್ನೂ ಜಾಸ್ತಿಯಾಗಲಿ. ಆಮೇಲೆ ಕೆಸರಲ್ಲಿ ಜಾರುತ್ತಾ ಮೇಲೆ ಹತ್ತಲಿ. ಒಂದು ಗುಟುಕು ನೀರಿಗೆ ಒಂದು ಅಧ್ಯಾಯ ಕೊಡಿ. ಒಂಬತ್ತು ವರ್ಷದ ಮಗು ಉಸಿರು ಬಿಗಿಹಿಡಿದು ಓದುತ್ತದೆ.

ಬೆಂಕಿಯನ್ನು ಸುಮ್ನೆ ಹೊತ್ತಿಸಿಬಿಟ್ಟಿದ್ದೀರಿ. ಎರಡು ಕಲ್ಲು ಉಜ್ಜಿದಳು, ಹೊತ್ತಿತು ಅಂತ. ಸಿಕ್ಕಿದ ಎರಡು ಕಲ್ಲು ಉಜ್ಜಿದರೆ ಹಾಗೆ ಬೆಂಕಿ ಬರುವುದಿಲ್ಲ. ಜೂನ್ ಮಳೆಯಲ್ಲಂತೂ ಒಣ ಕಡ್ಡಿಯೇ ಸಿಗುವುದಿಲ್ಲ. ಬೆಂಕಿ ಇಲ್ಲದೆಯೇ ಇರಲಿ. ಇಳಿತದ ಹೊತ್ತಿಗೆ ಕಾದು ಬಂಡೆಗೆ ಅಂಟಿದ ಚಿಪ್ಪಿಕಲ್ಲು ಕೀಳಲಿ, ಹಸಿಯಾಗಿ ತಿನ್ನಲಿ, ವಾಕರಿಕೆ ಬರಲಿ.

ತೆಂಗಿನಕಾಯಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಮಳೆಗಾಲದಲ್ಲಿ ಹೊಳೆಗಳು ಕಾಯಿಗಳನ್ನು ಕಡಲಿಗೆ ತರುತ್ತವೆ. ಹಾಗೆ ತೇಲಿ ಬಂದ ಒಂದು ಕಾಯಿ ಬಂಡೆಯ ಸಂದಿಯಲ್ಲಿ ಸಿಕ್ಕುವುದು ಚೆಂದದ ಕಲ್ಪನೆ. ಆದರೆ "ಕಾಯಿ ಒಡೆದು ತಿಂದಳು" ಎಂದು ಮೂರು ಪದದಲ್ಲಿ ಮುಗಿಸಿದ್ದೀರಿ. ಮೊನ್ನೆ ಭಾನುವಾರ ನಾನು ಅಂಗಳದಲ್ಲಿ ಕೂತು, ಕತ್ತಿ ಇಲ್ಲದೆ, ಕಲ್ಲಿನಿಂದ ಮಾತ್ರ ಒಂದು ಕಾಯಿ ಸುಲಿದು ನೋಡಿದೆ. ಮುಕ್ಕಾಲು ಗಂಟೆ ಹಿಡಿಯಿತು. ನಡುವಿಗೆ ಹೊಡೆದರೆ ಕಲ್ಲು ಪುಟಿದು ಬರುತ್ತದೆ. ತೊಟ್ಟಿನ ಕಡೆಗೆ ತಿರುತಿರುಗಿಸಿ ಜಜ್ಜಿದರೆ ನಾರು ಮೆತ್ತಗಾಗುತ್ತದೆ. ಒಂದು ಎಳೆ ಎದ್ದರೆ ಸಾಕು, ಅದನ್ನು ಹಿಡಿದು ಹರಿಯಬಹುದು. ಆದರೆ ಆ ಮೊದಲ ಎಳೆ ಎಬ್ಬಿಸುವಷ್ಟರಲ್ಲಿ ಹೆಬ್ಬೆರಳಿನ ಉಗುರಿನ ಸಂದಿಗೆ ನಾರು ಚುಚ್ಚಿಕೊಂಡಿತ್ತು. ಎರಡು ದಿನ ನೋವಿತ್ತು. ನಿಮ್ಮ ಗಂಗಿಯ ಕೈಗೆ ಈ ನೋವು ಬೇಕು. ಎರಡನೇ ಕಾಯಿಯನ್ನು ಅವಳು ಮೊದಲನೆಯದಕ್ಕಿಂತ ಬೇಗ ಸುಲಿದಾಗ ಓದುವ ಮಗುವಿಗೆ ತಾನೇ ಸುಲಿದಷ್ಟು ಖುಷಿಯಾಗುತ್ತದೆ.

ಆಡುಗಳ ವಿಷಯದಲ್ಲಿ ನಿಮ್ಮ ಕೈಯಲ್ಲಿ ಚಿನ್ನ ಇದೆ. ನೀವು ಅದನ್ನು ನೋಡಿಲ್ಲ. ನೇತ್ರಾಣಿಯಲ್ಲಿ ಕಾಡುಪಾಲಾಗಿರುವ ಆಡುಗಳು ಮೀನುಗಾರರು ಹರಕೆ ಹೊತ್ತು ತಂದು ಬಿಟ್ಟವು. ಅಂದರೆ ದೇವರ ಆಡುಗಳು. ಮನುಷ್ಯರ ಬಳಿ ಬರುವುದಿಲ್ಲ, ಮರಿ ಹಾಕದಿದ್ದರೆ ಹಾಲೂ ಇರುವುದಿಲ್ಲ. ಹಸಿದ ಹುಡುಗಿಯ ಎದುರಿಗೆ ಕಾಲು ಮುರಿದ ಒಂದು ಮರಿ ಬಿದ್ದಿದೆ ಅಂದುಕೊಳ್ಳಿ. ಇಂಥದೇ ಒಂದು ಆಡನ್ನು ಅವಳ ಅಜ್ಜಿಯೇ ಹರಕೆ ಹೊತ್ತು ಬಿಟ್ಟಿರಬಹುದು. ಅವಳು ಏನು ಮಾಡುತ್ತಾಳೆ? ಉತ್ತರ ನಾನು ಹೇಳುವುದಿಲ್ಲ. ಅದನ್ನು ಅವಳೇ ಒಬ್ಬಳೇ ಕೂತು ತೀರ್ಮಾನಿಸಬೇಕು, ಕೇಳಲು ಯಾರೂ ಇಲ್ಲ. ನನಗೆ ನಿಮ್ಮ ಕಾದಂಬರಿಯ ನಡುಮಧ್ಯ ಇದೇ ಅನ್ನಿಸುತ್ತದೆ.

ಇನ್ನೊಂದು. ನೌಕಾಪಡೆ ಈ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿತ್ತು. ತುಕ್ಕು ಹಿಡಿದ ಶೆಲ್‌ಗಳು, ಅಂದರೆ ಫಿರಂಗಿ ಗುಂಡುಗಳು, ಅಲ್ಲಿ ಬಿದ್ದಿವೆ. ಕಬ್ಬಿಣದ ಒಂದು ಚೂರಿಗಾಗಿ ಹಂಬಲಿಸುವ ಹುಡುಗಿಗೆ ಅಂಥದ್ದು ಕಂಡರೆ? ಮುಟ್ಟಬಾರದು, ಸಿಡಿಯಬಹುದು. ಭಯಕ್ಕೆ ನೀವು ತಂದ ಕಳ್ಳಸಾಗಣೆದಾರರಿಗಿಂತ ಇದು ಸಾವಿರ ಪಾಲು ಮೇಲು. ಅವರನ್ನು ಪೂರ್ತಿ ಕೈಬಿಡಿ. ಡಾಲ್ಫಿನ್ ಕೂಡ ಬೇಡ, ಬಲೆಯ ತೇಲುಗಳನ್ನು ತಬ್ಬಿಕೊಂಡು ಅವಳೇ ಬಂಡೆ ಮುಟ್ಟಲಿ.

"ಹುಡುಗಿಯೊಬ್ಬಳು ಇಷ್ಟೆಲ್ಲ ಮಾಡುತ್ತಾಳೆ ಅಂದರೆ ಜನ ನಂಬುತ್ತಾರಾ" ಎಂದು ಪತ್ರದಲ್ಲಿ ಕೇಳಿದ್ದೀರಿ. ಕ್ಯಾಲಿಫೋರ್ನಿಯಾ ತೀರದಿಂದ ಸುಮಾರು 100 ಕಿಲೋಮೀಟರ್ ದೂರದ ಸ್ಯಾನ್ ನಿಕೋಲಸ್ ದ್ವೀಪದಲ್ಲಿ ಒಬ್ಬ ಹೆಂಗಸು 18 ವರ್ಷ ಒಬ್ಬಳೇ ಬದುಕಿದಳು. 1835ರಲ್ಲಿ ಅವಳ ಜನರನ್ನು ಹಡಗಿನಲ್ಲಿ ಕರೆದೊಯ್ದಾಗ ಅವಳು ಹಿಂದೆ ಉಳಿದಳು. 1853ರಲ್ಲಿ ಹುಡುಕಿ ಬಂದವರಿಗೆ ಸಿಕ್ಕಾಗ ನೀರುಕಾಗೆಯ ಗರಿಯ ಉಡುಪು ತೊಟ್ಟಿದ್ದಳು. ಅವಳ ಮಾತು ಬಂದವರಿಗೆ ಅರ್ಥವಾಗಲಿಲ್ಲ. ಬಂದ ಅಪರಿಚಿತರಿಗೆ ಅವಳು ಮೊದಲು ಮಾಡಿದ್ದೇನು ಗೊತ್ತಾ? ಗೆಡ್ಡೆ ಸುಟ್ಟು ತಿನ್ನಲು ಕೊಟ್ಟಳು. ನನಗೆ ಅವಳ ಉಡುಪಿಗಿಂತ ಈ ಗೆಡ್ಡೆಯೇ ಹೆಚ್ಚು ನೆನಪಿನಲ್ಲಿ ಉಳಿದಿದೆ. ಒಬ್ಬಳೇ ಬದುಕಲು ಬರುವವಳಿಗೆ ಜನ ಬೇಡ ಅಂತಲ್ಲ. ನಿಮ್ಮ ಗಂಗಿ "ನನಗೆ ಯಾರೂ ಬೇಡ" ಎಂದು ಮೂರು ಕಡೆ ಹೇಳುತ್ತಾಳೆ. ಅವಳ ಗಂಟು ಅಜ್ಜಿಯದು, ಇಳಿತದ ಲೆಕ್ಕ ಮಾವನದು. ಆ ಮಾತು ಅವಳ ಬಾಯಿಗೆ ಒಪ್ಪುವುದಿಲ್ಲ.

ಕೊನೆಯ ಅಧ್ಯಾಯವನ್ನು ಹೊಸದಾಗಿ ಬರೆಯಬೇಕು. ಹೆಲಿಕಾಪ್ಟರ್ ಬೇಡ, ಸನ್ಮಾನ ಬೇಡ. ಅವಳು ದಿನಕ್ಕೊಂದು ಗಂಟು ಹಾಕುತ್ತಾ ಬಂದಿರಲಿ. ಆಗಸ್ಟ್ 1ರ ಬೆಳಿಗ್ಗೆ ಹಗ್ಗದಲ್ಲಿ 61 ಗಂಟು. ಕಡಲು ಇನ್ನೂ ಕೆರಳಿದೆ, ಒಂದು ದೋಣಿಯೂ ಕಾಣುವುದಿಲ್ಲ. ಆಗ ಅವಳಿಗೆ ನೆನಪಾಗುತ್ತದೆ: ನೂಲ ಹುಣ್ಣಿಮೆಗೆ ಸಮುದ್ರ ಪೂಜೆ ಮಾಡಿ, ಕಾಯಿ ಬಿಟ್ಟ ಮೇಲೆಯೇ ಊರವರು ಕಡಲಿಗಿಳಿಯುವುದು. ಚಂದ್ರ ಇನ್ನೂ ಅರ್ಧ. ಅವಳು 62ನೇ ಗಂಟು ಹಾಕುತ್ತಾಳೆ. ಅಲ್ಲಿಂದ ಮುಂದೆ ನೀವು ಬರೆಯಿರಿ.

ಪೂರ್ತಿ ಪುಸ್ತಕ ಈಗಲೇ ಬೇಡ. ನೀರು ಹುಡುಕುವ ಅಧ್ಯಾಯ ಒಂದನ್ನು ಬರೆದು ಕಳಿಸಿ, ಎಂಟು ಹತ್ತು ಪುಟ ಸಾಕು. ಬರೆಯುವ ಮೊದಲು ಕಲ್ಲು ಹಿಡಿದು ಒಂದು ಕಾಯಿ ಸುಲಿಯಿರಿ. ನಿಮ್ಮ ಪುಟಗಳಿಗೆ ಕಾಯುತ್ತಿರುತ್ತೇನೆ.

ನಿಮ್ಮ,
ಸಂಪಾದಕ